ಮಾಳಿಗೆಯ ಮೇಲೆ ಅಯ್ಯನವರ ಮೀನು

ಉಮರಗಾದಲ್ಲಿ ಈಶ್ವರಯ್ಯನವರ ಮನೆ ಎಲ್ಲಿ ಎಂದು ಕೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ಕೈ ತೋರಿಸುತ್ತಾರೆ. ಸುತ್ತಲಿನ ಭಕ್ತರ ಮನೆಗಳಲ್ಲಿ ಮದುವೆ ಇರಲಿ, ತೊಟ್ಟಿಲಿರಲಿ, ಅವರ ಪಾದಪೂಜೆ ಆಗದೆ ಪಂಕ್ತಿ ಕೂರುವುದಿಲ್ಲ. ಅಂಥ ಅಯ್ಯನವರಿಗೆ ಮೀನಿನ ಹುಚ್ಚು. ತಿನ್ನುವ ಹುಚ್ಚಲ್ಲ, ನೋಡುವ ಹುಚ್ಚು. ಪಡಸಾಲೆಯಲ್ಲಿ ಗಾಜಿನ ಬರಣಿಗಳನ್ನು ಸಾಲಾಗಿಟ್ಟು ಕೆಂಪು ಮೀನು, ಕಪ್ಪು ಮೀನು ಸಾಕಿದ್ದರು.

ಗುಂಜೋಟಿಯ ಶಿಷ್ಯಮನೆಯ ಗುಂಡಮ್ಮ ಜೋಳ ತಂದು ಇಳಿಸಿದಾಗಲೆಲ್ಲ ಕೆಣಕುತ್ತಿದ್ದಳು. "ಅಯ್ಯನೋರ, ನಮಗ ಅದು ತಿನಬ್ಯಾಡ್ರಿ, ಇದು ಮುಟಬ್ಯಾಡ್ರಿ ಅಂತೀರಿ. ನಿಮ್ಮ ಮನ್ಯಾಗ ನೋಡಿದರ ಮೀನ ಅವ."

"ಅವೂ ನಮ್ಹಂಗ ಹಿಟ್ಟೇ ತಿಂತಾವ ತಾಯಿ. ನಿನ್ಹಂಗ ಪಲ್ಲ್ಯಾ ಬೇಕು ಅಂತ ತಕರಾರ ಮಾಡಂಗಿಲ್ಲ."

ಹೀಗಿರುವಾಗ ಉದಗೀರದ ಬಟ್ಟೆ ಅಂಗಡಿಯ ಭಕ್ತರೊಬ್ಬರು ತಮಗೆ ಬೇಡವಾದ ದೊಡ್ಡ ಗಾಜಿನ ತೊಟ್ಟಿಯನ್ನು ಟೆಂಪೋದಲ್ಲಿ ಕಳಿಸಿದರು. ಪಡಸಾಲೆಯಲ್ಲಿ ಅದಕ್ಕೆ ಜಾಗವಿಲ್ಲ ಎಂದು ಹೆಂಡತಿ ಪಾರ್ವತಿಬಾಯಿ ಕಡ್ಡಿ ಮುರಿದಂತೆ ಹೇಳಿದರು. "ಪೂಜಿಗಿ ಬಂದವರು ನಿಮ್ಮ ಪಾದ ನೋಡಬೇಕೋ, ಮೀನ ನೋಡಬೇಕೋ?"

ಉಳಿದದ್ದು ಮೇಲಿನ ಕೋಣೆ. ಅದರ ನೆಲವೆಂದರೆ ತೊಲೆ, ಜಂತೆಗಳ ಮೇಲೆ ಹಾಸಿದ ಮಣ್ಣು. ಅದರ ಕೆಳಗೇ ಸೊಸೆ ಪೂನಮ್‌ಳ ಕೋಣೆ, ಕೂಸಿನ ತೊಟ್ಟಿಲು.

ಪೂನಮ್ ಸೊಲ್ಲಾಪುರದಲ್ಲಿ ಕಲಿತವಳು. ಕೂಸು ಸೀನಿದರೂ ಮೊಬೈಲಿನಲ್ಲಿ ಕಾರಣ ಹುಡುಕುವ ಜೀವ ಅವಳದು. ಸುದ್ದಿ ಕೇಳಿದ್ದೇ ಅವಳಿಗೆ ಅನ್ನ ಸೇರಲಿಲ್ಲ. ಕೊನೆಗೆ ಧೈರ್ಯ ಮಾಡಿದಳು. "ಮಾವಾರ, ನೀರು ತುಂಬಿದ ಮ್ಯಾಲ ಅದು ಮೂರು-ನಾಕು ಚೀಲ ಜೋಳದ ಭಾರ ಆಗ್ತದ್ರಿ. ಕೆಳಗ ಕೂಸು ಮಲಗ್ತದ."

ನಗುತ್ತಾರೆಂದುಕೊಂಡಿದ್ದಳು. ಈಶ್ವರಯ್ಯ ನಗಲಿಲ್ಲ. "ಹಂಗಾದರ ಚೀಲಾನೇ ಇಟ್ಟು ನೋಡೂನು," ಎಂದರು. ಭಕ್ತರು ಕೊಟ್ಟ ಜೋಳದ ಚೀಲಗಳನ್ನು ಮೇಲೆ ಹೊರಿಸಿದರು. ತಾಯಿ-ಕೂಸನ್ನು ತಮ್ಮ ಕೋಣೆಗೆ ಕಳಿಸಿ, ಇವಳ ಕೋಣೆಯಲ್ಲಿ ತಾವು ಚಾಪೆ ಹಾಸಿ ಲಿಂಗಪೂಜೆಗೆ ಕುಳಿತರು.

"ಬಿದ್ದರ ನನ್ನ ಮ್ಯಾಲ ಬೀಳ್ಲಿ."

"ಬೀಳ್ಲಿ," ಎಂದರು ಪಾರ್ವತಿಬಾಯಿ, "ಜೋಳ ನಿಮ್ಮ ತಲಿ ಮ್ಯಾಲೇ ಹಿಟ್ಟಾಗತದ, ಗಿರಣಿಗಿ ಹೋಗೂದರ ತಪ್ಪತದ."

ವಾರ ಕಳೆದರೂ ಏನೂ ಬೀಳಲಿಲ್ಲ. ಮಾವ ಗೆದ್ದವರಂತೆ ಓಡಾಡುತ್ತಿದ್ದರು. ಪೂನಮ್‌ಗೆ ಮಾತ್ರ ಸಮಾಧಾನವಿಲ್ಲ. ಮೇಲೆ ಹತ್ತಿ ನೋಡಿದರೆ, ಚೀಲಗಳೆಲ್ಲ ಗೋಡೆಗೊತ್ತಿ ನಿಂತಿವೆ. ಕಾಳಿನ ಚೀಲವನ್ನು ಗೋಡೆಗೊತ್ತಿಯೇ ಒಟ್ಟುವುದು ಈ ಕಡೆಯ ರೂಢಿ. ಬೇರೆ ಕಡೆ ಇಡಲು ಯಾರ ಕೈಯೂ ಹೋಗುವುದಿಲ್ಲ. ಅಲ್ಲಿಟ್ಟ ಭಾರವನ್ನು ಗೋಡೆಯೇ ಹೊರುತ್ತದೆ. ಆದರೆ ಮಾವ ಗಾಜಿನ ತೊಟ್ಟಿ ಇಡಬೇಕೆಂದಿದ್ದು ಕೋಣೆಯ ನಡುವೆ, ಸುತ್ತಲೂ ಕೂತು ನೋಡಲೆಂದು.

ಹೇಳಲೋ ಬೇಡವೋ ಎಂದು ಸೆರಗಿನ ತುದಿ ತಿರುವುತ್ತ ನಿಂತಳು. ಆಮೇಲೆ ಹೇಳಿಬಿಟ್ಟಳು.

ಈಶ್ವರಯ್ಯ ಚೀಲಗಳನ್ನು ನಡುವೆ ಎಳೆಸಿ, ಮತ್ತೆ ಕೆಳಗೆ ಹೋಗಿ ಕುಳಿತರು. ಮರುದಿನ ಪೂಜೆಯ ನಡುವೆ ಜಂತೆಯೊಂದು ಕಿರ್ರೆಂದಿತು. ಬೋಳುತಲೆಯ ತುಂಬ ಮಣ್ಣು ಹೊತ್ತು ಎದ್ದು ಬಂದವರು ನೇರ ಸೊಸೆಯ ಎದುರು ನಿಂತರು. "ನಿನ್ನ ಅಂಜಿಕಿ ಖರೆ ಅದ ತಾಯಿ. ನನ್ನ ಕಣ್ಣಿಗಿ ಕಂಡಿದ್ದಿಲ್ಲ."

ಮನೆಯೊಳಗಷ್ಟೇ ಹೇಳಿ ಬಿಡಬಹುದಿತ್ತು. ಬಿಡಲಿಲ್ಲ. ಲೋಹಾರಾಕ್ಕೆ ಪೂಜೆಗೆ ಹೋದಲ್ಲಿ ಹೇಳಿದರು, ಗುಂಡಮ್ಮನಿಗೂ ಹೇಳಿದರು. ಊರಿಗೆಲ್ಲ ಬುದ್ಧಿ ಹೇಳುವ ಹಿರಿಯರು, ಸೊಸೆಯ ಮಾತಿನಿಂದ ತಾನು ಉಳಿದೆ ಎಂದು ಊರೂರು ಹೇಳಿಕೊಂಡು ಬರುವುದನ್ನು ಪೂನಮ್ ತನ್ನ ತವರಿನಲ್ಲೂ ಕಂಡಿರಲಿಲ್ಲ.

ಮನೆ ಕಟ್ಟುವ ಗವಂಡಿ ವೈಜನಾಥ ಬಂದು ಹುಳ ತಿಂದ ಜಂತೆ ತೆಗೆದ. ಉಳಿದವಕ್ಕೆ ಅಡ್ಡಲಾಗಿ ಕೆಳಗಿನಿಂದ ಎರಡು ಕಬ್ಬಿಣದ ಗರ್ಡರ್ ಕೊಟ್ಟು, ಅವುಗಳ ತುದಿಯನ್ನು ಕಲ್ಲಿನ ಗೋಡೆಯೊಳಗೆ ಕೂರಿಸಿದ. ತೊಟ್ಟಿಯ ಕಾಲುಗಳ ಭಾರ ಒಂದೇ ಕಡೆ ಬೀಳದಂತೆ ಮೇಲೆ ದಪ್ಪ ಹಲಗೆ ಹಾಸಿದ. ಈಶ್ವರಯ್ಯ ಈ ಸಲ ಇನ್ನೂ ಹೆಚ್ಚು ಚೀಲ ಹೇರಿಸಿ ಮತ್ತೆ ಅದರಡಿಯೇ ಪೂಜೆಗೆ ಕುಳಿತರು. ಹಿಡಿ ಮಣ್ಣೂ ಉದುರಲಿಲ್ಲ.

ತೊಟ್ಟಿ ಇಟ್ಟ ದಿನ ಮಾವ ಕೊಡ ಹಿಡಿದು ಅವಳನ್ನು ಕರೆದರು. "ನೀ ಸಾಕು ಅಂದಲ್ಲಿ ನಿಲ್ಲಸ್ತೀನಿ."

ಪೂನಮ್ ಕೆಳಗೆ ಹೋಗಿ ಗರ್ಡರ್ ನೋಡುವಳು, ಮೇಲೆ ಬಂದು ನೀರು ನೋಡುವಳು. ಅರ್ಧಕ್ಕೆ ಬಂದಾಗ ಅವಳಿಗೇ ತಿಳಿಯದಂತೆ "ಸಾಕ್ರಿ" ಎಂಬ ಮಾತು ಬಾಯಿಂದ ಬಿತ್ತು. ಈಶ್ವರಯ್ಯ ಎತ್ತಿದ ಕೊಡವನ್ನು ಹಾಗೇ ಕೆಳಗಿಟ್ಟರು. ಯಾಕೆ ಎಂದು ಕೇಳಲಿಲ್ಲ. ಅಂದೇ ಕೂಸಿನ ತೊಟ್ಟಿಲು ಮತ್ತೆ ಕೆಳಗೆ ಅವಳ ಕೋಣೆಗೆ ಬಂತು.

ಈಗಲೂ ಮೀನು ಅರ್ಧ ನೀರಿನಲ್ಲೇ ಆಡುತ್ತವೆ. "ಇಷ್ಟು ದೊಡ್ಡ ಕಾಚಿನ ಪೇಟಿ, ಅರ್ಧಾ ಯಾಕ ಖಾಲಿ ಬಿಟ್ಟೀರಿ ಅಯ್ಯನೋರ?" ಎಂದು ಗುಂಡಮ್ಮ ಗಾಜಿನ ತೊಟ್ಟಿ ತೋರಿಸಿ ಕೇಳಿದರೆ, ಅವರು ಗಂಭೀರವಾಗಿ ಹೇಳುತ್ತಾರೆ: "ಉಳಿದ ಅರ್ಧಕ್ಕ ನಮ್ಮ ಸೊಸಿದು ಪರವಾನಗಿ ಬಂದಿಲ್ಲ."