ಯಜಮಾನರು ತೀರ್ಥ ತೆಗೆದುಕೊಂಡದ್ದು

ಮೊನ್ನೆ ತುಮಕೂರಿನ ನಮ್ಮ ಫ್ಯಾಕ್ಟರಿ ಆಫೀಸಿನಲ್ಲಿ ಮೀಟಿಂಗಿಗೆ ಮುಂಚೆ ಯಾರೋ ಊದಿನಕಡ್ಡಿ ಹಚ್ಚಿಟ್ಟಿದ್ದರು. ಪರದೆಯ ಮೇಲೆ ‘ಕೆರೆ ದತ್ತು ಯೋಜನೆ’ ಎಂದು ದಪ್ಪಕ್ಷರ. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂತು. ಹೊಸ ಮ್ಯಾನೇಜರ್, ಕುಣಿಗಲ್ ಕಡೆಯ ಹುಡುಗ, “ಯಾಕೆ ಸಾರ್ ನಗ್ತಿದೀರಾ?” ಎಂದ. ಕೆಮ್ಮಿ ಮುಚ್ಚಿಕೊಂಡೆ. ನೌಕರಿ ನನಗೆ ಚೆನ್ನಾಗಿ ಕಲಿಸಿರುವ ವಿದ್ಯೆ ಅದೊಂದೇ. ಅವನಿಗೆ ಹೇಳದ್ದನ್ನು ನಿಮಗೆ ಹೇಳಬಹುದು.

ಹಿಂದೆ ನಾನು ನಿಟ್ಟೂರಿನಾಚೆ ಒಂದು ಕೊಬ್ಬರಿ ಪುಡಿ ಫ್ಯಾಕ್ಟರಿಯಲ್ಲಿದ್ದೆ. ಏನು ಕೆಲಸ ಎಂದು ಕೇಳಿದವರಿಗೆ ‘ಸಿಎಸ್‌ಆರ್’ ಅನ್ನುತ್ತಿದ್ದೆ. ನಮ್ಮತ್ತೆ ಅದನ್ನು ಯಾವುದೋ ದೊಡ್ಡ ಸರ್ಕಾರಿ ಹುದ್ದೆ ಎಂದು ನಂಬಿದ್ದರು, ನಾನೂ ತಿದ್ದಲಿಲ್ಲ. ಕಂಪನಿ ಊರಿಗೆ ಮಾಡಬಹುದಾದ ಉಪಕಾರವನ್ನು ಹುಡುಕುವುದು, ಮಾಡಿಸುವುದು, ಎಲ್ಲಕ್ಕಿಂತ ಮುಖ್ಯವಾಗಿ ಅದರ ಫೋಟೋ ತೆಗೆಸುವುದು, ಇಷ್ಟೇ ನನ್ನ ಕೆಲಸ.

ನಮ್ಮ ಯಜಮಾನರು ಕೆಟ್ಟವರಲ್ಲ. ಮಹಾ ದೈವಭಕ್ತರು, ಹಲ್ಲಿ ಲೊಚಗುಟ್ಟಿದರೆ ಲೋಡಾದ ಲಾರಿಯನ್ನೂ ನಿಲ್ಲಿಸುವವರು. ಅಧಿಕಾರಿಗಳ ನೋಟಿಸಿಗೆ ಮಾತ್ರ ಜಗ್ಗುತ್ತಿರಲಿಲ್ಲ. ಕಾಯಿ ಒಡೆದ ನೀರು, ತೊಳೆದ ನೀರು ಎಲ್ಲಾ ಒಂದೇ ಪೈಪಿನಲ್ಲಿ ಪಕ್ಕದ ಕೆರೆ ಸೇರುತ್ತಿತ್ತು. “ಎಳನೀರಲ್ಲಿ ದೇವರಿಗೇ ಅಭಿಷೇಕ ಮಾಡ್ತೀವಿ, ತೆಂಗಿನ ನೀರಿಂದ ಕೆರೆಗೇನ್ರೀ ಕೇಡು?” ಎನ್ನುತ್ತಿದ್ದರು. ಅಭಿಷೇಕದ ನೀರನ್ನು ಯಾರೂ ವಾರಗಟ್ಟಲೆ ಹುಳಿಯಲು ಬಿಡುವುದಿಲ್ಲ ಎಂದು ನನ್ನ ನಾಲಿಗೆ ತುದಿಗೆ ಬರುತ್ತಿತ್ತು. ಅಲ್ಲೇ ನಿಲ್ಲುತ್ತಿತ್ತು.

ಕೆರೆ ಏರಿಯ ಪಕ್ಕದಲ್ಲೇ ಲಕ್ಕಮ್ಮನ ತಟ್ಟೆ ಇಡ್ಲಿ ಹೋಟೆಲು. ಗಂಡ ತೀರಿಕೊಂಡ ಮೇಲೆ ಆಕೆಗೆ ಅದೇ ಬದುಕು. ಒಂದು ದಿನ ನನ್ನನ್ನು ತಡೆದು ನಿಲ್ಲಿಸಿದಳು. “ಇಡ್ಲೀಗೆ ಯಾರೂ ಹೆಸರಿಡಕ್ಕಿಲ್ಲ ಕಣಪ್ಪ. ಆದ್ರೆ ಈ ನಾತಕ್ಕೆ ಕುಂತು ತಿನ್ನೋರೇ ಇಲ್ಲ, ಎಲ್ಲಾ ಪಾರ್ಸಲ್ಲು. ಈಗ ಅವ್ರೂ ಬರ್ತಿಲ್ಲ. ಹಿಂಗೇ ಆದ್ರೆ ಯುಗಾದಿ ಹೊತ್ಗೆ ಬಾಗ್ಲು ಹಾಕ್ಬೇಕು.”

ಇದನ್ನು ಯಜಮಾನರಿಗೆ ಮುಟ್ಟಿಸಿದೆ. ಅವರ ಕಣ್ಣು ನಿಜವಾಗಿಯೂ ಒದ್ದೆಯಾಯಿತು. “ಛೆ ಪಾಪ, ಜನ ಕೂರ್ತಿಲ್ವಂತಾ? ಕೂರಕ್ಕೆ ಬೆಂಚ್ ಹಾಕ್ಸಿ!” ಎಂದರು.

ಹಾಕಿಸಿದೆ. ಏರಿಯುದ್ದಕ್ಕೂ ಸಿಮೆಂಟ್ ಬೆಂಚು, ಪ್ರತಿಯೊಂದರ ಬೆನ್ನಿಗೂ ಕಂಪನಿ ಹೆಸರು. ಉದ್ಘಾಟನೆಯ ದಿನ ಗಾಳಿ ಕೆರೆ ಕಡೆಯಿಂದಲೇ ಬೀಸಬೇಕೇ! ಯಜಮಾನರ ಮೂಗನ್ನು ಕಾಪಾಡುವುದು ನನ್ನ ಧರ್ಮ ಎಂದುಕೊಂಡು, ಕಟ್ಟುಗಟ್ಟಲೆ ಊದಿನಕಡ್ಡಿ ತಂದು ಬೆಂಚಿನ ಕಾಲುಗಳಿಗೆ ಕಟ್ಟಿ ಹಚ್ಚಿದೆ. ಕೆರೆದಂಡೆಯಲ್ಲಿ ಅಷ್ಟು ಹೊಗೆ ಕಂಡರೆ ನಮ್ಮ ಹೆಂಗಸರು ಏನೆಂದುಕೊಳ್ಳಬೇಕು? ಗಂಗೆ ಪೂಜೆ! ಅರಿಶಿನ ಕುಂಕುಮ, ಹೂವು, ಕಾಯಿ ಹಿಡಿದು ಊರಿಗೆ ಊರೇ ಬಂತು. ಟೇಪು ಕತ್ತರಿಸಲು ನಿಂತಿದ್ದ ಯಜಮಾನರನ್ನು ನೀರಿನ ಹತ್ತಿರ ಕರೆದೊಯ್ದು ಪೂಜೆಗೆ ನಿಲ್ಲಿಸಿಯೇಬಿಟ್ಟರು.

ಮಂಗಳಾರತಿ ಆಯಿತು. ಆಮೇಲೆ ತೀರ್ಥ. ಗಂಗೆ ಪೂಜೆಯ ತೀರ್ಥವೆಂದರೆ ಆ ಕೆರೆಯ ನೀರೇ. ಲಕ್ಕಮ್ಮ ಕೆರೆಗೆ ತಂಬಿಗೆ ಅದ್ದಿ ತಂದಳು. ಯಜಮಾನರು ಅಭ್ಯಾಸಬಲದಿಂದ ಅಂಗೈ ಒಡ್ಡಿದರು. ನೀರು ಬಿತ್ತು. ವಾಸನೆ ಆಮೇಲೆ ಬಂತು.

ಆ ಮುಖ ನೀವು ನೋಡಬೇಕಿತ್ತು. ಕುಡಿಯುವಂತಿಲ್ಲ, ಚೆಲ್ಲುವಂತಿಲ್ಲ. ಮೆಲ್ಲಗೆ ನನ್ನ ಕಡೆ ವಾಲಿ, “ಮೊದ್ಲು ನೀವ್ ತಗೊಳ್ರೀ” ಎಂದರು.

“ಯಜಮಾನ್ರು ಇರೋವಾಗ ನಾನಾ ಸಾರ್? ಎಲ್ಲಾದ್ರೂ ಉಂಟೆ?” ಎಂದು ಕೈಮುಗಿದೆ. ನನ್ನ ವಿನಯ ಅಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದು ಸಲ ಇಲ್ಲ.

“ತಗಳಿ ಸಾಮಿ, ಗಂಗಮ್ಮನ್ನ ಬ್ಯಾಡ ಅನ್ಬಾರ್ದು” ಎಂದಳು ಲಕ್ಕಮ್ಮ. ಬೇಕೆಂದೇ ಅಂದಳೋ, ಭಕ್ತಿಯಿಂದ ಅಂದಳೋ, ನನಗೆ ಇವತ್ತಿಗೂ ತಿಳಿಯದು.

ಯಜಮಾನರು ಕಣ್ಣು ಮುಚ್ಚಿದರು. “ತಾಯಿ, ಬರೋ ವರ್ಷ ಇದೇ ನೀರು ಕುಡೀತೀನಿ, ಇದು ನನ್ನ ಹರಕೆ” ಎಂದು ಅಂಗೈಯ ನೀರನ್ನು ಕೆರೆಗೇ ಬಿಟ್ಟರು. ತಪ್ಪಿಸಿಕೊಳ್ಳಲು ಆಡಿದ ಮಾತೇ. ಆದರೆ ನೋಟಿಸು ಮರೆತರೆ ದಂಡ ಕಟ್ಟಬಹುದು, ಹರಕೆ ಮರೆತರೆ? ಆ ವಾರವೇ ಇಂಜಿನಿಯರುಗಳು ಬಂದರು. ನೀರು ಶುದ್ಧ ಮಾಡುವ ಯಂತ್ರ ಬಂತು. ಕೆರೆಗೆ ಬಿಟ್ಟಿದ್ದ ಪೈಪು ಕಿತ್ತರು.

ಮರುವರ್ಷ ಯಜಮಾನರು ಉಪವಾಸವಿದ್ದು, ಬಿಳಿ ಪಂಚೆಯುಟ್ಟು ಬಂದರು. ಲಕ್ಕಮ್ಮ ಮೊದಲು ತಾನೇ ನೀರು ಮೂಸಿದಳು. “ಇನ್ನೂ ಒಸಿ ಐತೆ ಕಣಪ್ಪ. ಹೊಟ್ಟೆ ಕೆಡ್ತದೆ, ಬ್ಯಾಡ. ಬರೋ ವರ್ಷ ಬಾ.” ಎಸ್ಸೆಸ್ಸೆಲ್ಸಿ ಫೇಲಾದ ಹುಡುಗನ ಹಾಗೆ ಯಜಮಾನರು ಕಾರು ಹತ್ತಿದರು. ಅಯ್ಯೋ ಅನಿಸಿತು. ಅವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅವತ್ತೇ.

ಅದರಾಚೆ ವರ್ಷ ಆಕೆ ತಾನೊಂದು ಗುಟುಕು ಕುಡಿದು, ಆಮೇಲೆ ಅವರ ಅಂಗೈಗೆ ಬಿಟ್ಟಳು. ಯಜಮಾನರು ಮೂರು ಸಲ ಕುಡಿದರು. ಅವತ್ತು ಇಡ್ಲಿ ತಟ್ಟೆ ಹಿಡಿದು ಬೆಂಚು ಹುಡುಕಿದರೆ, ಒಂದೂ ಖಾಲಿಯಿರಲಿಲ್ಲ. ನಿಂತೇ ತಿಂದೆ.

ಇಷ್ಟೆಲ್ಲಾ ನೆನಪಾಗುವ ಹೊತ್ತಿಗೆ ಮ್ಯಾನೇಜರ್ ನನ್ನ ಕಡೆ ತಿರುಗಿದ್ದ. “ಉದ್ಘಾಟನೆಗೆ ಏನಾದ್ರೂ ಐಡಿಯಾ ಕೊಡಿ ಸಾರ್.”

“ಗಂಗೆ ಪೂಜೆ ಇಡ್ಸಿ. ಮೊದಲ ತೀರ್ಥ ನೀವೇ ತಗೊಳ್ಳಿ” ಎಂದೆ.

ಕುಣಿಗಲ್ ಕೆರೆ ಕಂಡು ಬೆಳೆದ ಹುಡುಗ, ತೀರ್ಥವೆಂದರೆ ಯಾವ ನೀರೆಂದು ಬಿಡಿಸಿ ಹೇಳಬೇಕಾಗಲಿಲ್ಲ. ಪರದೆ ಆರಿಸಿದ. ಆಮೇಲೆ, “ಸಾರ್, ನಮ್ ಫ್ಯಾಕ್ಟರಿ ನೀರು ಎಲ್ಲಿಗೆ ಹೋಗುತ್ತೆ?” ಎಂದ.

ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ಈ ಕಥೆಯನ್ನು ನಿಮಗೆ ಇಷ್ಟು ಸೊಗಸಾಗಿ ಹೇಳಿದ ನನಗೂ ಗೊತ್ತಿರಲಿಲ್ಲ. ಎದ್ದು, ಚಪ್ಪಲಿ ಮೆಟ್ಟಿಕೊಂಡು, ನೋಡಲು ಹೊರಟೆವು.