ಉಣಕಲ್ಲಿನ ತಿರುವಿನಲ್ಲಿ ಪೊಲೀಸ್ ಮೋಟಾರು

ಪೊಲೀಸ್ ಇಲಾಖೆಯಲ್ಲಿ ನಾನು ಮೋಟಾರು ನಡೆಸಿದ್ದು ಮೂರೇ ವರ್ಷ. ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಮಾತು. ಹುಬ್ಬಳ್ಳಿಯ ಫೌಜದಾರ ಸಾಹೇಬರಿಗೆ ಹಳೆಯದೊಂದು ಮೋಟಾರು ಕೊಟ್ಟಿದ್ದರು, ಅದರ ಜೊತೆಗೆ ನನ್ನನ್ನೂ ಕೊಟ್ಟಿದ್ದರು. ಹಳ್ಳಿಗಳ ಹತ್ತಿರ ಗಂಟೆಗೆ ಹದಿನೈದು ಮೈಲಿಗಿಂತ ಜೋರಾಗಿ ಹೋಗಬಾರದೆಂದು ರಸ್ತೆಯ ಬದಿಗೆ ತಗಡಿನ ಫಲಕ ಹಚ್ಚಿದ್ದರು. ಊರಿಂದೂರಿಗೆ ಜನರನ್ನು ಒಯ್ಯುವ ಸರ್ವಿಸ್ ಮೋಟಾರಿನವರು ಅದನ್ನು ಮೀರಿದರೆ ಅವರನ್ನು ಹಿಡಿದು ತರುವವರು ನಾವೇ. ಆ ಫಲಕ ನಮಗೂ ಸೇರಿದ್ದೆಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಅದಕ್ಕೆ ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಅರಳೆ ಗೋದಾಮಿಗೆ ಬೆಂಕಿ ಬಿದ್ದಿತ್ತು. ಸಾಹೇಬರು "ಹೊಡಿ!" ಎಂದರು. ಹಾರ್ನ್ ಒತ್ತುತ್ತ ಪೇಟೆಯ ನಡುವೆಯೇ ಓಡಿಸಿದೆ. ಜನ ಎರಡೂ ಬದಿಗೆ ಸರಿದು ದಾರಿ ಬಿಟ್ಟರು. ಹೊಗೆಯೊಳಗೆ ಸಿಕ್ಕಿದ್ದ ಇಬ್ಬರು ಹಮಾಲರನ್ನು ಸಾಹೇಬರು ತಾವೇ ಒಳಗೆ ನುಗ್ಗಿ ಎಳೆದು ತಂದರು. ಇನ್ನು ಸ್ವಲ್ಪ ತಡವಾಗಿದ್ದರೂ ಅವರು ಉಳಿಯುತ್ತಿರಲಿಲ್ಲ. ಅಂದಿನಿಂದ ಜೋರು ಎಂಬುದು ಖಾಕಿಯ ಹಕ್ಕೆಂದೇ ತಿಳಿದುಬಿಟ್ಟೆ. ಸಾಹೇಬರೂ ಹಾಗೇ ತಿಳಿದಿರಬೇಕು.

ಒಂದು ರವಿವಾರ ಧಾರವಾಡದ ಬೀಗರು ಅವರನ್ನು ಹೋಳಿಗೆ ಊಟಕ್ಕೆ ಕರೆದಿದ್ದರು. ಹೊರಡುವಾಗಲೇ ತಡವಾಗಿತ್ತು. "ಲಗೂ ಹೊಡಿಯೋ, ಬೀಗರು ಕಾಯಾಕತ್ತಿರತಾರ" ಎಂದು ದಾರಿಯುದ್ದಕ್ಕೂ ಅನ್ನುತ್ತಲೇ ಇದ್ದರು. ಉಣಕಲ್ ಕೆರೆಯ ಹತ್ತಿರದ ತಿರುವಿನಲ್ಲಿ ಒಬ್ಬ ಕುಂಬಾರ ಹೆಂಗಸು ತಲೆಯ ಮೇಲೆ ಗಡಿಗೆಗಳನ್ನು ಹೊತ್ತು ರಸ್ತೆ ದಾಟುತ್ತಿದ್ದಳು. ಬ್ರೇಕು ಒತ್ತಿದೆ. ಮಡ್‌ಗಾರ್ಡು ಆಕೆಯನ್ನು ಸವರಿಕೊಂಡೇ ಹೋಯಿತು. ಗಡಿಗೆಗಳು ಒಡೆದ ಸದ್ದು ಮೊದಲು ಕೇಳಿತು, ಆಮೇಲೆ ಆಕೆಯ ಕೂಗು.

ಸಾಹೇಬರು ಕೆಟ್ಟ ಮನುಷ್ಯರಲ್ಲ. ತಾವೇ ಇಳಿದು ಹೋಗಿ ಆಕೆಯನ್ನು ಎತ್ತಿ ಮೋಟಾರಿನಲ್ಲಿ ಕೂಡಿಸಿದರು. ಆಕೆಯ ಬಲಗೈ ಮುರಿದಿತ್ತು. ಧಾರವಾಡದ ದವಾಖಾನೆ ಬರುವ ತನಕ "ಹಗೂರ, ಹಗೂರ" ಎಂದು ನಿಧಾನವಾಗಿ ಹೋಗಲು ನನಗೆ ಹೇಳುತ್ತಿದ್ದರು. ಆಕೆಯನ್ನು ಅಲ್ಲಿ ಸೇರಿಸಿ ಊಟಕ್ಕೆ ಹೋದೆವು. ನನಗೂ ಎಲೆ ಹಾಕಿದರು. ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಆಕೆಯ ಗಂಡ ಫಿರ್ಯಾದಿ ಕೊಟ್ಟ. ಮೋಟಾರು ನಡೆಸಿದವನು ನಾನಾದ್ದರಿಂದ ಆರೋಪಿಯೂ ನಾನೇ ಆದೆ. ಕೋರ್ಟಿನ ಪಡಸಾಲೆಯಲ್ಲಿ ಸಾಹೇಬರು ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಕಳ್ಳನ ಬೆನ್ನ ಹತ್ತಿದ್ವಿ ಅಂತ ಹೇಳಿಬಿಡು. ಸರಕಾರಿ ಕೆಲಸಕ್ಕ ಮಾಫಿ ಐತಿ. ಇಬ್ಬರೂ ಪಾರಾಗ್ತೀವಿ."

ನಾನು ಹೂಂ ಅಂದೆ. ಒಳಗೆ ಹೋಗುವ ತನಕ ಹಾಗೇ ಹೇಳಬೇಕೆಂದಿದ್ದೆ, ಇದು ಖರೇ.

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಕೇಳಿದರು, "ಅಷ್ಟು ಜೋರಾಗಿ ಯಾಕೆ ಹೊರಟಿದ್ದೆ?"

ಎದುರಿನ ಬೆಂಚಿನ ಮೇಲೆ ಆಕೆ ಮುರಿದ ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕಟ್ಟಿಕೊಂಡು ಕೂತಿದ್ದಳು. ನನ್ನನ್ನು ಸಿಟ್ಟಿನಿಂದೇನೂ ನೋಡುತ್ತಿರಲಿಲ್ಲ. ತಾನೂ ಉತ್ತರ ಕೇಳಬೇಕೆನ್ನುವವಳ ಹಾಗೆ ಸುಮ್ಮನೆ ನೋಡುತ್ತಿದ್ದಳು.

"ಊಟಕ್ಕ ತಡಾ ಆಗಿತ್ರಿ" ಎಂದೆ.

ಯಾರೋ ನಕ್ಕರು. ಮ್ಯಾಜಿಸ್ಟ್ರೇಟರು ನಗಲಿಲ್ಲ. "ಬೆಂಕಿ ಬಿದ್ದಲ್ಲಿಗೆ ಓಡುವ ಮೋಟಾರಿಗೆ ಕಾಯಿದೆ ದಾರಿ ಬಿಡಬಹುದು. ಊಟಕ್ಕೆ ಹೋಗುವವರು ಫೌಜದಾರರಾದರೂ ಎಲ್ಲರ ಹಾಗೇ ಹೋಗಬೇಕು" ಎಂದು ನನಗೆ ದಂಡ ಹಾಕಿದರು. ಹಿಂದೆ ಕೂತವರಿಗೆ ಕಾಯಿದೆಯಲ್ಲಿ ಶಿಕ್ಷೆ ಇರಲಿಲ್ಲ.

ಹೊರಗೆ ಬಂದಮೇಲೆ ಸಾಹೇಬರು, "ನಿನಗ ಒಂದು ಸುಳ್ಳ ಹೇಳಾಕ ಬರಲಿಲ್ಲೇನಲೇ?" ಎಂದರು.

"ಬರತಿತ್ರಿ ಸಾಹೇಬ್ರ. ಆಕಿ ಎದುರಿಗೇ ಕುಂತಿದ್ಲ್ರಿ."

ಆ ತಿಂಗಳು ಮುಗಿಯುವುದರೊಳಗೆ ನನ್ನ ಕೆಲಸ ಹೋಯಿತು. ಕೆಲವು ದಿನ ಮನೆಯಲ್ಲಿ ಕೂತೆ. ಆಮೇಲೆ ಹುಬ್ಬಳ್ಳಿ–ಧಾರವಾಡ ನಡುವಿನ ಸರ್ವಿಸ್ ಮೋಟಾರು ಸಿಕ್ಕಿತು.

ಮರುವರ್ಷ ಬೇಸಿಗೆಯಲ್ಲಿ ಆಕೆ ಉಣಕಲ್ಲಿನಲ್ಲಿ ನನ್ನ ಮೋಟಾರು ಹತ್ತಿದಳು. ಕೈ ಕೂಡಿತ್ತು, ಮಣಿಕಟ್ಟು ಮಾತ್ರ ಸೊಟ್ಟಗಿತ್ತು. ನನ್ನ ಗುರುತು ಹಿಡಿದು ನನ್ನ ಬೆನ್ನ ಹಿಂದಿನ ಸೀಟಿನಲ್ಲೇ ಕೂತಳು. ಕ್ಷಮೆ ಕೇಳಬೇಕೆಂದು ನಾನು ಮಾತು ಹುಡುಕುತ್ತಿದ್ದಾಗ ಆಕೆಯೇ ಕೇಳಿದಳು.

"ಅವತ್ತ ನಿಮ್ಮ ಸಾಹೇಬಗ ಊಟ ಸಿಕ್ಕಿತೇನಪಾ?"

"ಸಿಕ್ತವ್ವಾ. ಬೀಗರು ಕಾಯ್ಕೊಂತ ಕುಂತಿದ್ರು."

"ಹಂಗಾರ ಹಗೂರ ಹೋಗಿದ್ರೂ ಕಾಯ್ತಿದ್ರಲ್ಲಾ" ಎಂದಳು.

ಅದರಲ್ಲಿ ಕುಹಕವಿರಲಿಲ್ಲ. ನವಲೂರಿನ ತನಕ ಆಕೆ ಈ ವರ್ಷದ ಮಣ್ಣು ಚೆನ್ನಾಗಿಲ್ಲವೆಂದು, ಗಡಿಗೆ ಸುಡುವಾಗಲೇ ಬಿರಿಯುತ್ತವೆಂದು ಪಕ್ಕದವರಿಗೆ ಹೇಳುತ್ತಿದ್ದಳು.

ಹಿಂದಿನಿಂದ ಪೊಲೀಸ್ ಮೋಟಾರಿನ ಹಾರ್ನ್ ಕೇಳಿದಾಗಲೆಲ್ಲ ನಾನು ಬದಿಗೆ ಸರಿದು ದಾರಿ ಬಿಡುತ್ತಿದ್ದೆ. ಎಲ್ಲಾದರೂ ಬೆಂಕಿ ಬಿದ್ದಿರಬಹುದು, ಯಾರೋ ಒಳಗೆ ಸಿಕ್ಕಿರಬಹುದು. ದಾಟಿ ಹೋಗುವಾಗ ಒಳಗೆ ಕೂತವರ ಮುಖವನ್ನು ಮಾತ್ರ ಒಮ್ಮೆ ನೋಡುತ್ತಿದ್ದೆ. ಬೆಂಕಿಗೆ ಓಡುತ್ತಿದ್ದಾರೋ ಊಟಕ್ಕೋ ಎಂಬುದು ಅದರಿಂದ ತಿಳಿಯುತ್ತಿರಲಿಲ್ಲ.