ಅತ್ತಿಮರದ ಕೆಳಗೆ ಕೂಗಿದ್ದು

ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯನ್ನು ಒಮ್ಮೆ ನೋಡಬೇಕೆಂಬುದು ನನ್ನ ಹೆಂಡತಿಯ ಆಸೆಯಾಗಿತ್ತು. ಅವಳು ಹೋದ ವರ್ಷ ತೀರಿಕೊಂಡಳು. ಅವಳ ಪರವಾಗಿ ನಾನಾದರೂ ನೋಡೋಣವೆಂದು ರೋಣದಿಂದ ಬಸ್ಸು ಹತ್ತಿ ಕರಾವಳಿಯಲ್ಲಿ ಅದು ಇರುವ ಕಾಡಿಗೆ ಹೋದೆ.

ಬೆಳಗಿನ ಹತ್ತು ಗಂಟೆಗೆ ಎಲ್ಲರೂ ಹೊರಗೆ ಬರಬೇಕೆಂಬುದು ಅಲ್ಲಿನ ನಿಯಮ. ಒಂಬತ್ತೂಮುಕ್ಕಾಲಾದರೂ ಮಂಗಟ್ಟೆಯ ಸುಳಿವಿರಲಿಲ್ಲ. ಅದು ಹಣ್ಣು ತಿನ್ನಲು ಬರುವ ಅತ್ತಿಮರದ ಕೆಳಗೆ ನಿಂತು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೆ. ಜೊತೆಗಿದ್ದ ಗಾರ್ಡ್, ‘ಉಸಿರೂ ಜೋರಾಗಿ ಬಿಡ್ಬೇಡಿ’ ಎಂದಿದ್ದ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳನ್ನು ಸುಮ್ಮನಿರಿಸಿದವನಿಗೆ ಅದೇನು ಕಷ್ಟ ಎಂದು ಅವನಿಗೆ ಹೇಳಿಯೂ ಇದ್ದೆ.

ಅಷ್ಟರಲ್ಲಿ ಗಿಳಿಗಳ ಹಿಂಡೊಂದು ಅದೇ ಮರಕ್ಕೆ ಇಳಿಯಿತು. ನಾನು ಎರಡೂ ಕೈ ಮೇಲೆತ್ತಿ, ಚಪ್ಪಾಳೆ ತಟ್ಟಿ, ‘ಹೋ! ಹೋ!’ ಎಂದು ಕಿರುಚಿದೆ.

‘ಎಂತ ಮಾಡಿದ್ರಿ ಮಾರಾಯ್ರೆ! ನೀವು ಮೇಷ್ಟ್ರು ಹೌದಾ?’

‘ತಪ್ಪಾತ್ರೀ. ಸಣ್ಣಾಂವಿದ್ದಾಗ ಜೋಳದ ಹೊಲದಾಗ ಅಟ್ಟ ಹತ್ತಿ ಗಿಳಿ ಓಡಸ್ತಿದ್ನಿ. ಅವು ಕಂಡ್ರ ಬಾಯಿ ತಾನ ಬಿಚ್ಚತೈತ್ರಿ.’

‘ಇಲ್ಲಿ ಯಾರ ಜೋಳ ಉಂಟು?’

ಉತ್ತರ ಹೇಳುವ ಮೊದಲೇ ತಲೆಯ ಮೇಲೆ ಭಾರವಾದ ರೆಕ್ಕೆಗಳ ಸದ್ದಾಯಿತು. ಅಷ್ಟು ಹೊತ್ತೂ ಎಲೆಗಳ ಮರೆಯಲ್ಲಿದ್ದ ಮಂಗಟ್ಟೆ, ನನ್ನ ಕೂಗಿಗೆ ಬೆದರಿ, ಹಳದಿ ಕೊಕ್ಕು ಚಾಚಿ ಸಮುದ್ರದ ಕಡೆಗೆ ಹಾರಿತು.

ಹೆಂಡತಿ ಪಕ್ಕದಲ್ಲೇ ಇದ್ದಾಳೆಂಬ ರೂಢಿಯಲ್ಲಿ ತಿರುಗಿ, ‘ನೋಡಿದೇನ?’ ಎಂದು ಕೇಳಿಬಿಟ್ಟೆ.

ಅಲ್ಲಿದ್ದವನು ಗಾರ್ಡ್. ನನ್ನ ಮುಖವನ್ನು ಒಂದು ಕ್ಷಣ ನೋಡಿ, ‘ನೋಡಿದೆ ಸರ್, ಚಂದ ಕಂಡಿತು’ ಎಂದ.

ಏಕವಚನಕ್ಕೆ ಅವನು ಬೇಸರಿಸಲಿಲ್ಲ. ಗಿಳಿಗಳ ವಿಷಯಕ್ಕೆ ಮಾತ್ರ ಗೇಟಿನವರೆಗೂ ಬೈದ.